ಎರಡು ಸೆವೆನ್ ಸ್ಟ್ರಿಂಗ್ ಗಿಟಾರ್ ಮುಂದಿದ್ದಾಗ ಮೊದಲು ನೋಡಬೇಕಾದದ್ದು

ಏಳು ತಂತಿಯ ಎಲೆಕ್ಟ್ರಿಕ್ ಗಿಟಾರ್ ಹುಡುಕಲು ಹೊರಟವರು ಕೊನೆಗೆ ಹೆಚ್ಚಾಗಿ ಎರಡರ ಮುಂದೆ ಬಂದು ನಿಲ್ಲುತ್ತಾರೆ. ಒಂದರ ಸ್ಕೇಲ್, ಅಂದರೆ ತಲೆಯ ಬುಡದಲ್ಲಿ ತಂತಿ ಕೂರುವ ನಟ್‌ನಿಂದ ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗಿನ ಉದ್ದ, 25.5 ಇಂಚು. ಬ್ರಿಡ್ಜ್ ಫ್ಲೋಟಿಂಗ್ ಟ್ರೆಮೊಲೊ, ಅಂದರೆ ಬಾರ್ ಹಿಡಿದು ಅಲುಗಿಸಿ ಸ್ವರ ಏರಿಳಿಸಬಹುದಾದದ್ದು. ಇನ್ನೊಂದರ ಸ್ಕೇಲ್ 27 ಇಂಚು, ಬ್ರಿಡ್ಜ್ ಅಲುಗದ ಫಿಕ್ಸೆಡ್. ಎರಡೂ ನೋಡಲು ಚೆನ್ನಾಗಿರುತ್ತವೆ, ಎರಡಕ್ಕೂ ಒಳ್ಳೆ ಹೆಸರಿರುತ್ತದೆ. ಆಮೇಲೆ ಶುರುವಾಗುತ್ತದೆ ಪಟ್ಟಿ ಮಾಡುವ ಕೆಲಸ. ಇದರ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಆಕ್ಟಿವ್, ಅದರದ್ದು ಪ್ಯಾಸಿವ್. ಇದು ಮಹಾಗನಿ, ಅದು ಬಾಸ್‌ವುಡ್. ಇದರ ಫ್ರೆಟ್ (ಗಿಟಾರ್‌ನ ಕತ್ತು, ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಸ್ಟೇನ್‌ಲೆಸ್ ಸ್ಟೀಲ್, ಅದಕ್ಕೆ ತಂತಿಯನ್ನು ಕಚ್ಚಿ ಹಿಡಿಯುವ ತಿರುಗಣೆ, ಅಂದರೆ ಲಾಕಿಂಗ್ ಟ್ಯೂನರ್ ಇದೆ. ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ, ತೀರ್ಮಾನ ಮಾತ್ರ ಆಗುವುದಿಲ್ಲ.

ಆ ಪಟ್ಟಿಯಲ್ಲಿ ಎಲ್ಲಕ್ಕೂ ಒಂದೇ ತೂಕ ಕೊಟ್ಟಿರುವುದೇ ಸಮಸ್ಯೆ. ಪಿಕಪ್ ಹಿಡಿಸದಿದ್ದರೆ ಮುಂದಿನ ವರ್ಷ ಬದಲಾಯಿಸಬಹುದು. ಟ್ಯೂನರ್ ಬದಲಾಯಿಸುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಸ್ಕೇಲ್ ಉದ್ದ ಬದಲಾಯಿಸಲು ಆಗುವುದಿಲ್ಲ. ನೆಕ್‌ನ ಅಗಲ, ದಪ್ಪ ಬದಲಾಯಿಸಲು ಆಗುವುದಿಲ್ಲ. ಬ್ರಿಡ್ಜ್‌ನ ಜಾತಿಯನ್ನೂ ಹೆಚ್ಚುಕಡಿಮೆ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಈ ಮೂರನ್ನು ಮೊದಲು ತೂಗಿ ನೋಡಿ, ಉಳಿದದ್ದು ಆಮೇಲೆ. ಇವುಗಳಿಗೂ ಮುಂಚೆ ಉತ್ತರಿಸಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಏಳನೇ ತಂತಿಯನ್ನು ನೀವು ಯಾವ ಸ್ವರಕ್ಕೆ ಟ್ಯೂನ್ ಮಾಡಿಟ್ಟುಕೊಳ್ಳುತ್ತೀರಿ?

ಬಿ ಸ್ವರವೋ, ಇನ್ನೂ ಕೆಳಗೋ

ಮಾಮೂಲಿ ಆರು ತಂತಿ ಗಿಟಾರ್‌ನ ಅತಿ ದಪ್ಪ ತಂತಿ ಇ ಸ್ವರ, ಅಂದರೆ ಸುಮಾರು 82.4 ಹರ್ಟ್ಸ್. ಏಳನೆಯದು ಅದಕ್ಕಿಂತ ಕೆಳಗಿನ ಬಿ, 61.7 ಹರ್ಟ್ಸ್. ಅದನ್ನೂ ಒಂದು ಮೆಟ್ಟಿಲು (ಎರಡು ಫ್ರೆಟ್‌ನಷ್ಟು) ಇಳಿಸಿ ಎ ಸ್ವರಕ್ಕೆ ತಂದರೆ 55 ಹರ್ಟ್ಸ್. ಬಾಸ್ ಗಿಟಾರ್‌ನ ಓಪನ್ ಎ ತಂತಿಯೂ ಸರಿಯಾಗಿ ಇದೇ 55 ಹರ್ಟ್ಸ್. ಆ ಸ್ವರಕ್ಕಾಗಿ ಬಾಸ್ ಗಿಟಾರ್ ಸಾಮಾನ್ಯವಾಗಿ 34 ಇಂಚಿನ ತಂತಿ ಕಟ್ಟಿಕೊಂಡಿರುತ್ತದೆ. ನಾವು ಅದೇ ಕೆಲಸವನ್ನು 25.5 ಇಂಚಿನಲ್ಲಿ ಮಾಡಿಸಲು ಹೊರಟಿದ್ದೇವೆ. ತಕರಾರೆಲ್ಲ ಹುಟ್ಟುವುದು ಇಲ್ಲಿಂದಲೇ.

ಈ ತಂತಿ ಹೊಸತೇನಲ್ಲ. ಜಾಜ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದ ಕೊನೆಯಲ್ಲೇ ಏಳು ತಂತಿಯ ಗಿಟಾರ್ ಮಾಡಿಸಿಕೊಂಡು, ಕೆಳಗಿನ ತಂತಿಯನ್ನು ಎ ಸ್ವರದಲ್ಲಿ ಇಟ್ಟುಕೊಂಡಿದ್ದರು. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಜೊತೆಗೆ ಬಾಸ್ ಸ್ವರವನ್ನೂ ತಾವೇ ನುಡಿಸುವುದು ಅವರ ಉದ್ದೇಶ. 1990ರಲ್ಲಿ ಐಬನೆಜ್ ಕಂಪನಿ ಗಿಟಾರ್ ವಾದಕ ಸ್ಟೀವ್ ವೈ ಜೊತೆ ಸೇರಿ ಯೂನಿವರ್ಸ್ ಅನ್ನುವ ಮಾಡಲ್ ತಂದಿತು. ವೈ ಅದರ ಮೇಲೆ ಲೀಡ್ (ಸೋಲೋ ಭಾಗ) ನುಡಿಸಿದರು, ಟ್ರೆಮೊಲೊ ಬಾರ್ ಹಿಡಿದು ಸ್ವರಗಳನ್ನು ಮೇಲೆ ಕೆಳಗೆ ಎಳೆದಾಡಿದರು. 1994ರಲ್ಲಿ ಮೊದಲ ಆಲ್ಬಂ ತಂದ ಕಾರ್ನ್ ತಂಡ ಏಳೂ ತಂತಿಗಳನ್ನು ಒಂದೊಂದು ಮೆಟ್ಟಿಲು ಇಳಿಸಿ, ಅಂದರೆ ಕೆಳಗಿನ ತಂತಿಯನ್ನು ಎ ಸ್ವರಕ್ಕೆ ತಂದು, ಭಾರವಾದ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ನುಡಿಸಿತು. ಒಂದೇ ಜಾತಿಯ ವಾದ್ಯ, ಕೆಲಸ ಮಾತ್ರ ಪೂರ್ತಿ ಬೇರೆ. ನೀವು ಇವರಲ್ಲಿ ಯಾರ ಕಡೆಗೆ ವಾಲುತ್ತೀರಿ ಅನ್ನುವುದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಬಿಗಿಯ ಲೆಕ್ಕ

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ. ಕಷ್ಟದ್ದೇನಲ್ಲ, ಆದರೆ ಇದು ಅರ್ಥವಾಗದೆ ಸ್ಕೇಲ್ ಬಗ್ಗೆ ಮಾತಾಡುವುದು ಸುಮ್ನೆ.

ತಂತಿಯ ಬಿಗಿಯನ್ನು ಮೂರು ವಿಷಯಗಳು ನಿರ್ಧರಿಸುತ್ತವೆ: ಅದರ ತೂಕ, ಅದರ ಉದ್ದ, ಯಾವ ಸ್ವರಕ್ಕೆ ಏರಿಸಿದ್ದೀರಿ ಅನ್ನುವುದು. ಇವುಗಳಲ್ಲಿ ಉದ್ದ ಮತ್ತು ಸ್ವರದ ಪರಿಣಾಮ ವರ್ಗದ ಲೆಕ್ಕದಲ್ಲಿ ಬರುತ್ತದೆ. ಸ್ವಲ್ಪ ಬದಲಾದರೂ ಬೆರಳಿಗೆ ಗೊತ್ತಾಗುವುದು ಅದಕ್ಕೇ.

25.5 ಇಂಚಿನ ಗಿಟಾರ್‌ನಲ್ಲಿ 46 ಗೇಜ್ ತಂತಿ, ಅಂದರೆ 0.046 ಇಂಚು ದಪ್ಪದ್ದು, ಇ ಸ್ವರದಲ್ಲಿ ಸುಮಾರು 7.9 ಕೆಜಿ ಬಿಗಿಯಲ್ಲಿ ನಿಲ್ಲುತ್ತದೆ. ಆರು ತಂತಿ ನುಡಿಸಿದವರ ಕೈಗೆ ಇದು ಚಿರಪರಿಚಿತ. ಅದೇ ಗಿಟಾರ್‌ನ ಏಳನೇ ತಂತಿಯಾಗಿ 56 ಗೇಜ್ ಹಾಕಿ ಬಿ ಸ್ವರಕ್ಕೆ ತಂದರೆ ಬಿಗಿ ಸುಮಾರು 6.7 ಕೆಜಿ. ಪಕ್ಕದ ತಂತಿಗಿಂತ ಒಂದು ಕೆಜಿಗೂ ಜಾಸ್ತಿ ಸಡಿಲ. ಅದನ್ನು ಎ ಸ್ವರಕ್ಕೆ ಇಳಿಸಿದರೆ 5.3 ಕೆಜಿ. ಈ ಹಂತದಲ್ಲಿ ತಂತಿ ಜೋತುಬಿದ್ದ ಹಾಗೆ ಆಡುತ್ತದೆ. ಜೋರಾಗಿ ಮೀಟಿದ ಕೂಡಲೇ ಸ್ವರ ಮೇಲಕ್ಕೆ ಚಿಮ್ಮಿ ಆಮೇಲೆ ಕೆಳಗಿಳಿದು ನಿಲ್ಲುತ್ತದೆ. ವೇಗದ ರಿಫ್‌ನಲ್ಲಿ ಕೆಳಗಿಳಿಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಹಾಗಾಗಿ ಪ್ರತಿ ಹೊಡೆತವೂ ಸ್ವಲ್ಪ ಅಪಶ್ರುತಿ.

ಇದಕ್ಕೆ ಎರಡು ಪರಿಹಾರ. ತಂತಿ ದಪ್ಪ ಮಾಡಬೇಕು, ಇಲ್ಲವೇ ಉದ್ದ ಮಾಡಬೇಕು.

ದಪ್ಪ ಮಾಡುವುದು ಸುಲಭ. 62 ಗೇಜ್ ಹಾಕಿದರೆ ಬಿ ಸ್ವರದಲ್ಲಿ 8.2 ಕೆಜಿ ಬಿಗಿ ಬರುತ್ತದೆ, ಎ ಸ್ವರದಲ್ಲಿ 6.5. ಆದರೆ ದಪ್ಪ ತಂತಿ ಗಡುಸು. ಅದು ಒಳ್ಳೆ ತಂತಿಯ ಹಾಗೆ ಬಳುಕದೆ ಸ್ವಲ್ಪ ಸರಳಿನ ಹಾಗೆ ವರ್ತಿಸುತ್ತದೆ. ಅದರ ಅನುಸ್ವರಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ಇರಬೇಕಾದ ಜಾಗಕ್ಕಿಂತ ತುಸು ಮೇಲೆ ಸರಿಯುತ್ತವೆ. ಕ್ಲೀನ್ ಟೋನ್‌ನಲ್ಲಿ ಇದು ಅಷ್ಟಾಗಿ ಕಾಣಿಸದು. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿ ಎರಡು ಸ್ವರ ಒಟ್ಟಿಗೆ ನುಡಿಸಿದಾಗ ಮಾತ್ರ ಎಲ್ಲ ಕಲಸಿಹೋದ ಹಾಗೆ ಕೇಳುತ್ತದೆ.

ಉದ್ದ ಮಾಡಿದರೆ ಈ ಬಾಧೆ ಕಡಿಮೆ. ಅದೇ 56 ಗೇಜ್ ತಂತಿ 27 ಇಂಚಿನಲ್ಲಿ ಬಿ ಸ್ವರಕ್ಕೆ 7.5 ಕೆಜಿ ಬಿಗಿ ಕೊಡುತ್ತದೆ. ಒಂದೂವರೆ ಇಂಚು ಉದ್ದವಾಗಿದ್ದಕ್ಕೆ ಬಿಗಿ ಶೇಕಡ 12ರಷ್ಟು ಏರಿತು. ನಡುವಿನ 26.5 ಇಂಚಿನ ಗಿಟಾರ್‌ಗಳೂ ಇವೆ, ಅವುಗಳಲ್ಲಿ ಏರಿಕೆ ಶೇಕಡ 8.

27 ಇಂಚನ್ನು ಅರ್ಥ ಮಾಡಿಕೊಳ್ಳಲು ಒಂದು ಒಳ್ಳೆ ದಾರಿ ಇದೆ. ಆ ಗಿಟಾರ್‌ನ ಮೊದಲ ಫ್ರೆಟ್‌ನಿಂದ ಬ್ರಿಡ್ಜ್‌ವರೆಗೆ ಅಳೆದರೆ ಹೆಚ್ಚುಕಡಿಮೆ ಸರಿಯಾಗಿ 25.5 ಇಂಚು ಬರುತ್ತದೆ. ಅಂದರೆ 27 ಇಂಚಿನ ಗಿಟಾರ್ ಅಂದರೆ ಬೇರೇನಲ್ಲ, 25.5 ಇಂಚಿನ ಗಿಟಾರ್‌ಗೆ ತಲೆಯ ಕಡೆ ಒಂದು ಫ್ರೆಟ್ ಸೇರಿಸಿದ್ದು. ಒಂದೇ ಸೆಟ್ ತಂತಿಯನ್ನು ಎರಡಕ್ಕೂ ಹಾಕಿ, ಉದ್ದದ್ದನ್ನು ಅರ್ಧ ಮೆಟ್ಟಿಲು ಕೆಳಗೆ ಟ್ಯೂನ್ ಮಾಡಿದರೆ ಎರಡರ ಬಿಗಿಯೂ ಒಂದೇ. ಆ ಒಂದೂವರೆ ಇಂಚಿನಿಂದ ಸಿಗುವ ಲಾಭ ಅಷ್ಟೇ: ಅರ್ಧ ಮೆಟ್ಟಿಲು. ಅದಕ್ಕಿಂತ ದೊಡ್ಡ ಪವಾಡವನ್ನು ಯಾರಾದರೂ ಹೇಳಿದರೆ ನಂಬಬೇಡಿ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬಿಗಿ ಏರುವುದು ಬರೀ ಏಳನೇ ತಂತಿಗಲ್ಲ, ಏಳಕ್ಕೆ ಏಳಕ್ಕೂ. ಅತಿ ಸಣ್ಣ 10 ಗೇಜ್ ತಂತಿ 25.5 ಇಂಚಿನಲ್ಲಿ 7.3 ಕೆಜಿ ಇದ್ದದ್ದು 27 ಇಂಚಿನಲ್ಲಿ 8.2 ಕೆಜಿ ಆಗುತ್ತದೆ. ಪೂರ್ತಿ ಮೆಟ್ಟಿಲಿನ ಬೆಂಡ್ ಎಳೆಯುವಾಗ, ಅಂದರೆ ತಂತಿಯನ್ನು ಪಕ್ಕಕ್ಕೆ ದೂಡಿ ಸ್ವರ ಏರಿಸುವಾಗ, ಬೆರಳ ತುದಿಗೆ ವ್ಯತ್ಯಾಸ ಗೊತ್ತಾಗಿಯೇ ಆಗುತ್ತದೆ. ಸಣ್ಣ ತಂತಿಯನ್ನು 9 ಗೇಜ್‌ಗೆ ಇಳಿಸಿದರೆ 6.7ಕ್ಕೆ ಬರುತ್ತದೆ, ಆರಾಮ. ಆದರೆ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಸೆಟ್‌ಗಳು ಯಾವಾಗಲೂ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಒಂದೆರಡು ಬಿಡಿ ತಂತಿ ಬೇರೆ ಕೊಳ್ಳಬೇಕಾಗುತ್ತದೆ.

ಬೆರಳು ಚಾಚುವ ದೂರವೂ ಜಾಸ್ತಿ. ತೋರುಬೆರಳು ಮೊದಲ ಫ್ರೆಟ್‌ನಲ್ಲಿ, ಕಿರುಬೆರಳು ಐದನೇ ಫ್ರೆಟ್‌ನಲ್ಲಿ ಇಟ್ಟರೆ 25.5 ಇಂಚಿನಲ್ಲಿ ನಡುವಿನ ದೂರ ಸುಮಾರು 126 ಮಿಲಿಮೀಟರ್, 27 ಇಂಚಿನಲ್ಲಿ 133. ಏಳು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಕೈ ದೊಡ್ಡದಿದ್ದವರಿಗೆ ನಿಜಕ್ಕೂ ಮಹಾ ಅಲ್ಲ. ಕೆಳಗಿನ ಫ್ರೆಟ್‌ಗಳಲ್ಲಿ ಅಗಲವಾದ ಜಾಜ್ ಕಾರ್ಡ್ ಹಿಡಿಯುವವರಿಗೆ, ಅದರಲ್ಲೂ ಚಿಕ್ಕ ಕೈಯವರಿಗೆ, ಮಣಿಕಟ್ಟು ನೋಯಲು ಅಷ್ಟೇ ಸಾಕು.

ನನ್ನ ಅಭಿಪ್ರಾಯ ಹೇಳಬೇಕೆಂದರೆ: ಬಿ ಸ್ವರದಲ್ಲೇ ಇರುತ್ತೀರಿ, ಬೆಂಡ್ ಜಾಸ್ತಿ, ಲೀಡ್ ಜಾಸ್ತಿ ಅನ್ನುವವರಿಗೆ 25.5 ಇಂಚೇ ಒಳ್ಳೆಯದು. ಏಳನೇ ತಂತಿಗೆ 59 ಅಥವಾ 60 ಗೇಜ್ ಹಾಕಿದರೆ ಬಿಗಿ ಸಾಲದು ಅನ್ನುವ ಮಾತೇ ಬರುವುದಿಲ್ಲ. ಎ ಸ್ವರ ಇಲ್ಲವೇ ಅದಕ್ಕೂ ಕೆಳಗೆ ಕಾಯಂ ಬೀಡು ಬಿಡುವವರು 27 ಇಂಚಿನ ಕಡೆ ಹೋಗಲಿ. ಅಲ್ಲಿ 62 ಗೇಜ್ ತಂತಿ ಎ ಸ್ವರದಲ್ಲೂ 7.3 ಕೆಜಿ ಬಿಗಿ ಇಟ್ಟುಕೊಳ್ಳುತ್ತದೆ. ಎರಡೂ ಬೇಕು ಅನ್ನುವವರಿಗೆ 26.5 ಒಂದು ರಾಜಿ. ಕೆಟ್ಟ ರಾಜಿಯೇನಲ್ಲ.

ಇನ್ನೊಂದು ರಾಜಿ ಮಲ್ಟಿ ಸ್ಕೇಲ್. ಫ್ರೆಟ್‌ಗಳು ಬೀಸಣಿಗೆಯಂತೆ ಓರೆಯಾಗಿ ಹರಡಿರುತ್ತವೆ. ಸಣ್ಣ ತಂತಿಗೆ 25.5 ಇಂಚು, ದಪ್ಪ ತಂತಿಗೆ 27 ಇಂಚು ಸಿಗುತ್ತದೆ. ರಾಲ್ಫ್ ನೋವಾಕ್ 1989ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಣ್ಣಿಗೆ ವಿಚಿತ್ರವಾಗಿ ಕಂಡರೂ ಬೆರಳು ಬೇಗ ಹೊಂದಿಕೊಳ್ಳುತ್ತದೆ. ಸಮಸ್ಯೆ ಬರುವುದು ಹೆಚ್ಚಾಗಿ ಬಲಗೈಗೆ. ಬ್ರಿಡ್ಜ್ ಓರೆಯಾಗಿರುವುದರಿಂದ ಪಾಮ್ ಮ್ಯೂಟ್ ಮಾಡುವ, ಅಂದರೆ ಬ್ರಿಡ್ಜ್ ಬಳಿ ತಂತಿಯ ಸದ್ದನ್ನು ಅದುಮುವ ಅಂಗೈ ಕೋನ ಬದಲಾಗುತ್ತದೆ. ಮತ್ತೆ, ಮಲ್ಟಿ ಸ್ಕೇಲ್ ಅಂದಮೇಲೆ ಫಿಕ್ಸೆಡ್ ಬ್ರಿಡ್ಜ್ ಅಂತಲೇ ಇಟ್ಟುಕೊಳ್ಳಿ, ಟ್ರೆಮೊಲೊ ಇರುವಂಥವು ಅಪರೂಪ.

ಬ್ರಿಡ್ಜ್‌ನ ವಿಷಯ

1998ರಲ್ಲಿ ಐಬನೆಜ್ ಆರ್‌ಜಿ7620, ಆರ್‌ಜಿ7621 ಅಂತ ಎರಡು ಮಾಡಲ್ ತಂದಿತ್ತು. ಎರಡಕ್ಕೂ ಬಾಸ್‌ವುಡ್ ಬಾಡಿ, 25.5 ಇಂಚಿನ ಸ್ಕೇಲ್. ದೊಡ್ಡ ವ್ಯತ್ಯಾಸ ಬ್ರಿಡ್ಜ್‌ನದ್ದು. ಮೊದಲನೆಯದಕ್ಕೆ ಫ್ಲೋಟಿಂಗ್ ಟ್ರೆಮೊಲೊ, ಎರಡನೆಯದಕ್ಕೆ ಫಿಕ್ಸೆಡ್. ಉಳಿದೆಲ್ಲ ಒಂದೇ ಥರ ಇದ್ದಾಗ ಬ್ರಿಡ್ಜ್ ಒಂದೇ ಎಷ್ಟು ವ್ಯತ್ಯಾಸ ಮಾಡುತ್ತದೆ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆ ಜೋಡಿ ಸಿಗುವುದು ಕಷ್ಟ.

ಫ್ಲೋಟಿಂಗ್ ಬ್ರಿಡ್ಜ್ ನಿಂತಿರುವುದು ಒಂದು ಹಗ್ಗಜಗ್ಗಾಟದ ಮೇಲೆ. ಒಂದು ಕಡೆ ಏಳು ತಂತಿ ಎಳೆಯುತ್ತವೆ, ಇನ್ನೊಂದು ಕಡೆ ಬಾಡಿಯ ಹಿಂದಿನ ಗೂಡಿನಲ್ಲಿರುವ ಸ್ಪ್ರಿಂಗ್‌ಗಳು ಎಳೆಯುತ್ತವೆ. ಎರಡೂ ಸಮ ಇರುವವರೆಗೆ ಎಲ್ಲ ಸರಿ. ಈಗ ಏಳನೇ ತಂತಿಯನ್ನು ಬಿ ಸ್ವರದಿಂದ ಎ ಸ್ವರಕ್ಕೆ ಇಳಿಸಿ ನೋಡಿ. ತಂತಿಗಳ ಕಡೆಯಿಂದ ಸುಮಾರು 1.4 ಕೆಜಿ ಎಳೆತ ಕಡಿಮೆಯಾಯಿತು. ಸ್ಪ್ರಿಂಗ್ ಗೆದ್ದಿತು, ಬ್ರಿಡ್ಜ್ ಹಿಂದಕ್ಕೆ ವಾಲಿತು, ಉಳಿದ ಆರು ತಂತಿಗಳೂ ಬಿಗಿಯಾಗಿ ಸ್ವರ ಮೇಲೇರಿತು. ಅವನ್ನು ಒಂದೊಂದಾಗಿ ಇಳಿಸಲು ಹೋದರೆ ಪ್ರತಿ ತಂತಿ ಇಳಿಸಿದಾಗಲೂ ಬ್ರಿಡ್ಜ್ ಮತ್ತೆ ಸ್ವಲ್ಪ ವಾಲುತ್ತದೆ. ಏಳನೆಯದಕ್ಕೆ ವಾಪಸ್ ಬಂದರೆ ಅದೂ ತಪ್ಪಿರುತ್ತದೆ. ಜೊತೆಗೆ ನಟ್ ಲಾಕ್ ಬೇರೆ ಆಗಿರುವುದರಿಂದ ಪ್ರತಿ ಸಲ ಆಲನ್ ಕೀ ಹುಡುಕಬೇಕು. ನಾಲ್ಕು ಸುತ್ತು ಟ್ಯೂನ್ ಮಾಡಿ ಮುಗಿಸುವಷ್ಟರಲ್ಲಿ ನುಡಿಸುವ ಹುಮ್ಮಸ್ಸೇ ಇಳಿದಿರುತ್ತದೆ. ಒಂದು ತಂತಿ ಹರಿದರಂತೂ ಉಳಿದ ಆರೂ ಒಟ್ಟಿಗೆ ಕೆಡುತ್ತವೆ.

ಇನ್ನೊಂದು ಸೂಕ್ಷ್ಮ ಇದೆ. ಒಂದು ತಂತಿಯನ್ನು ಬೆಂಡ್ ಮಾಡಿದರೆ ಬ್ರಿಡ್ಜ್ ಮುಂದಕ್ಕೆ ಬಾಗುತ್ತದೆ, ಪಕ್ಕದ ತಂತಿಗಳ ಸ್ವರ ಇಳಿಯುತ್ತದೆ. ಒಂದನ್ನು ಬೆಂಡ್ ಮಾಡುತ್ತಾ ಇನ್ನೊಂದನ್ನು ಹಿಡಿದಿಡುವ ಅಭ್ಯಾಸ ಇದ್ದವರಿಗೆ ಇದು ಕಿರಿಕಿರಿ.

ಹಾಗಂತ ಫ್ಲೋಟಿಂಗ್ ಬೇಡವೇ ಬೇಡ ಅಂತಲ್ಲ. ಒಂದೇ ಟ್ಯೂನಿಂಗ್‌ನಲ್ಲಿ ಇರುವವರಿಗೆ ಅದು ಸರಿಯಾಗಿ ಸೆಟ್ ಆದಮೇಲೆ ಬಹಳ ಹೊತ್ತು ಶ್ರುತಿ ಬಿಡುವುದಿಲ್ಲ. ಬಾರ್ ಹಿಡಿದು ಸ್ವರವನ್ನು ಪಾತಾಳಕ್ಕೆ ಇಳಿಸಿ ವಾಪಸ್ ತರುವುದು, ಕಂಪಿಸುವುದು, ಇವಕ್ಕೆ ಬೇರೆ ದಾರಿಯೇ ಇಲ್ಲ. ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾದದ್ದು: ಬಾರ್ ಅನ್ನು ನೀವು ನಿಜವಾಗಿ ಬಳಸುತ್ತೀರಾ, ಅಥವಾ ಅದು ಇದ್ದರೆ ಚಂದ ಅನ್ನಿಸುತ್ತಿದೆಯಾ? ಎರಡನೆಯದಾದರೆ ಫಿಕ್ಸೆಡ್ ತೆಗೆದುಕೊಳ್ಳಿ. ಹಿಂದಿನ ಗೂಡಿನಲ್ಲಿ ಮರದ ತುಂಡು ಇಟ್ಟು ಟ್ರೆಮೊಲೊ ಅಲುಗದಂತೆ ಮಾಡಬಹುದು ಅಂತ ಹೇಳುವವರಿದ್ದಾರೆ. ಮಾಡಬಹುದು, ನಿಜ. ಈಗಾಗಲೇ ಕೈಯಲ್ಲಿ ಇರುವ ಗಿಟಾರ್‌ಗೆ ಅದು ಒಳ್ಳೆ ಉಪಾಯ. ಅದನ್ನೇ ಮಾಡಲೆಂದು ಹೊಸದಾಗಿ ಟ್ರೆಮೊಲೊ ಗಿಟಾರ್ ಕೊಳ್ಳುವುದರಲ್ಲಿ ಅರ್ಥ ಇಲ್ಲ ಅಲ್ವಾ? ಉಲ್ಟಾ ಕೆಲಸ, ಅಂದರೆ ಫಿಕ್ಸೆಡ್ ಇರುವುದಕ್ಕೆ ಫ್ಲೋಟಿಂಗ್ ಕೂರಿಸುವುದು, ಬಾಡಿ ಕೊರೆಯದೆ ಆಗುವುದಿಲ್ಲ.

ಫಿಕ್ಸೆಡ್ ಬ್ರಿಡ್ಜ್ ನೋಡುವಾಗ ಏಳನೇ ತಂತಿಯ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರುವ, ಹಿಂದೆ ಮುಂದೆ ಸರಿಸಬಹುದಾದ ತುಣುಕು) ಎಲ್ಲಿದೆ ಗಮನಿಸಿ. ದಪ್ಪ ತಂತಿ ಹಾಕಿದಷ್ಟೂ ಸ್ಯಾಡಲ್ ಹಿಂದಕ್ಕೆ ಸರಿಯಬೇಕು. ಈಗಿರುವ ತಂತಿಗೇ ಅದು ಪೂರ್ತಿ ಹಿಂದೆ ಹೋಗಿ ಕೂತಿದ್ದರೆ, ಮುಂದೆ ದಪ್ಪದ್ದು ಹಾಕಿದಾಗ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಸರಿಯಾಗಿ ಕೂರುವುದಿಲ್ಲ.

ನೆಕ್

ಆರು ತಂತಿ ಗಿಟಾರ್‌ಗಳಲ್ಲಿ ನಟ್ ಅಗಲ ಸಾಮಾನ್ಯವಾಗಿ 42-43 ಮಿಲಿಮೀಟರ್, ಏಳು ತಂತಿಯದ್ದರಲ್ಲಿ ಸುಮಾರು 48. ಎರಡು ಸೆವೆನ್ ಸ್ಟ್ರಿಂಗ್‌ಗಳ ನಡುವೆ ಅಗಲದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ದಪ್ಪದಲ್ಲಿ, ಹಿಂಬದಿಯ ದುಂಡಿನಲ್ಲಿ ಇರುತ್ತದೆ. ತೆಳ್ಳಗಿನ ಚಪ್ಪಟೆ ನೆಕ್ ವೇಗಕ್ಕೆ ಹಿತ. ಬಹಳ ಹೊತ್ತು ಕಾರ್ಡ್ ಹಿಡಿಯುವವರ ಹೆಬ್ಬೆರಳಿಗೆ ಸ್ವಲ್ಪ ಮಾಂಸ ಇರುವ ನೆಕ್ ವಾಸಿ. ಇದನ್ನು ಓದಿ ತೀರ್ಮಾನಿಸಲು ಆಗುವುದಿಲ್ಲ, ಎರಡನ್ನೂ ಅರ್ಧ ಗಂಟೆಯಾದರೂ ಹಿಡಿದು ನುಡಿಸಬೇಕು. ಮೊದಲ ಐದು ನಿಮಿಷದಲ್ಲಿ ಎಲ್ಲ ಸೆವೆನ್ ಸ್ಟ್ರಿಂಗ್‌ಗಳೂ ಅಗಲ ಅನ್ನಿಸುತ್ತವೆ. ಇ ತಂತಿ ಅಂದುಕೊಂಡು ಬಿ ತಂತಿ ಮೀಟುವುದು ಎಲ್ಲರೂ ಮಾಡುವ ಕೆಲಸ. ಅದಕ್ಕೆ ಗಿಟಾರ್‌ನ ಮೇಲೆ ತಪ್ಪು ಹೊರಿಸಬೇಡಿ.

ಪಿಕಪ್, ಮರ, ಇತ್ಯಾದಿ

ಗಿಟಾರ್ ಆಂಪ್‌ಗೆ ಹಾಕುವ 12 ಇಂಚಿನ ಸ್ಪೀಕರ್‌ಗಳು ಸಾಮಾನ್ಯವಾಗಿ 70-80 ಹರ್ಟ್ಸ್‌ನ ಕೆಳಗೆ ಸೊರಗುತ್ತವೆ. ನಮ್ಮ ಬಿ ಸ್ವರ 62 ಹರ್ಟ್ಸ್. ಅಂದರೆ ಏಳನೇ ತಂತಿಯ ಮೂಲ ಸ್ವರ ಸ್ಪೀಕರ್‌ನಿಂದ ಸರಿಯಾಗಿ ಹೊರಗೆ ಬರುವುದೇ ಇಲ್ಲ. ಬರುವುದು ಅದರ ದುಪ್ಪಟ್ಟು 123, ಮೂರು ಪಟ್ಟು 185, ಅದಕ್ಕೂ ಮೇಲಿನವು. ಇವನ್ನು ಕೇಳಿ ಮಿದುಳು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಬ್ಯಾಂಡ್‌ನಲ್ಲಿ ನುಡಿಸುವಾಗ ಆ ಕೆಳಗಿನ ಜಾಗ ಹೇಗಿದ್ದರೂ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನದ್ದು.

ಹಾಗಾಗಿ ಎರಡು ಗಿಟಾರ್‌ಗಳಲ್ಲಿ ಯಾವುದು ಜಾಸ್ತಿ ಗುಡುಗುತ್ತದೆ ಅಂತ ಹೋಲಿಸುವುದು ದಾರಿ ತಪ್ಪಿಸುತ್ತದೆ. ಒಬ್ಬರೇ ಕೂತು ನುಡಿಸುವಾಗ ಗುಡುಗುವುದೇ ಚೆನ್ನಾಗಿ ಕೇಳುತ್ತದೆ, ಡಿಸ್ಟಾರ್ಷನ್ ಹಾಕಿ ಡ್ರಮ್ ಸೇರಿದ ಕೂಡಲೇ ಅದು ಕೆಸರಾಗುತ್ತದೆ. ಅನೇಕರು ಡಿಸ್ಟಾರ್ಷನ್‌ಗೆ ಮುಂಚೆಯೇ ಓವರ್‌ಡ್ರೈವ್ ಪೆಡಲ್ ಇಟ್ಟು ಕೆಳಗಿನ ಆವರ್ತನಗಳನ್ನು ಕತ್ತರಿಸುವುದು ಇದೇ ಕಾರಣಕ್ಕೆ. ಏಳನೇ ತಂತಿಯಲ್ಲಿ ಕಾರ್ಡ್ ಹಿಡಿದಾಗ ಒಳಗಿನ ಸ್ವರಗಳು ಬಿಡಿಬಿಡಿಯಾಗಿ ಕೇಳುವ ಗಿಟಾರ್ ಒಳ್ಳೆಯದು.

ಪಿಕಪ್ ಬಗ್ಗೆ ಒಂದೇ ಎಚ್ಚರಿಕೆ. ಆಕ್ಟಿವ್ ಪಿಕಪ್‌ಗೆ ಸದ್ದುಗದ್ದಲ ಕಡಿಮೆ, ಆದರೆ ಹೆಚ್ಚಿನವಕ್ಕೆ 9 ವೋಲ್ಟ್ ಬ್ಯಾಟರಿ ಬೇಕು. ಏಳು ತಂತಿಯ ಪಿಕಪ್‌ಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಕೆಲವು ಆಕ್ಟಿವ್ ಪಿಕಪ್‌ಗಳ ಡಬ್ಬಿ ಪ್ಯಾಸಿವ್‌ಗಿಂತ ದೊಡ್ಡದು. ಮುಂದೆ ಬದಲಾಯಿಸುವ ಮನಸ್ಸಿದ್ದರೆ ಬಾಡಿಯಲ್ಲಿ ಕೊರೆದಿರುವ ಜಾಗ ಯಾವ ಅಳತೆಯದ್ದು ಅಂತ ಮೊದಲೇ ನೋಡಿಕೊಳ್ಳಿ. ಮರದ ವಿಷಯಕ್ಕೆ ನಾನು ತಲೆಕೆಡಿಸಿಕೊಳ್ಳುವುದು ತೂಕದ ಮಟ್ಟಿಗೆ ಮಾತ್ರ.

ಎರಡೂ ಕೈಗೆ ಸಿಕ್ಕಾಗ

ಮೊದಲು ಎರಡಕ್ಕೂ ಯಾವ ಗೇಜ್ ತಂತಿ ಹಾಕಿದ್ದಾರೆ ಕೇಳಿ. ಒಂದಕ್ಕೆ 54, ಇನ್ನೊಂದಕ್ಕೆ 62 ಇದ್ದರೆ ನೀವು ಹೋಲಿಸುತ್ತಿರುವುದು ಗಿಟಾರ್‌ಗಳನ್ನಲ್ಲ, ತಂತಿಗಳನ್ನು. ಎರಡನ್ನೂ ನಿಮಗೆ ಬೇಕಾದ ಟ್ಯೂನಿಂಗ್‌ಗೆ ತನ್ನಿ. ಟ್ರೆಮೊಲೊ ಇರುವುದಕ್ಕೆ ಇದು ಸುಲಭವಲ್ಲ, ಅದರಿಂದಲೇ ನಿಮಗೊಂದು ಉತ್ತರವೂ ಸಿಗುತ್ತದೆ.

ಆಮೇಲೆ ಸ್ವರ ತೋರಿಸುವ ಟ್ಯೂನರ್ ಯಂತ್ರ ಆನ್ ಇಟ್ಟುಕೊಂಡು ಏಳನೇ ತಂತಿಯನ್ನು ನೀವು ನಿಜವಾಗಿ ರಿಫ್ ನುಡಿಸುವಷ್ಟೇ ಜೋರಾಗಿ ಮೀಟಿ. ಮುಳ್ಳು ಎಷ್ಟು ಮೇಲಕ್ಕೆ ಹಾರುತ್ತದೆ, ಎಷ್ಟು ಬೇಗ ಇಳಿಯುತ್ತದೆ ನೋಡಿ. ಎರಡು ಗಿಟಾರ್‌ಗಳ ನಡುವಿನ ವ್ಯತ್ಯಾಸ ಇಲ್ಲಿ ಕಣ್ಣಿಗೇ ಕಾಣುತ್ತದೆ. ನಂತರ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ ನುಡಿಸಿ (ತಂತಿಯನ್ನು ಒತ್ತದೆ, ಬರೀ ಮುಟ್ಟಿ ಮೀಟುವುದು), ಅದೇ ಫ್ರೆಟ್ ಒತ್ತಿಯೂ ನುಡಿಸಿ. ಎರಡೂ ಒಂದೇ ಸ್ವರ ತೋರಿಸಬೇಕು. ತೋರಿಸದಿದ್ದರೆ ಸೆಟಪ್ ಕೆಲಸ ಬಾಕಿ ಇದೆ ಅಂತ. ಗಿಟಾರ್ ಕೆಟ್ಟದ್ದು ಅಂತ ಅಲ್ಲ.

ಬೆಲ್ಟ್ ಹಾಕಿಕೊಂಡು ಎದ್ದು ನಿಲ್ಲಿ. 27 ಇಂಚಿನದ್ದರಲ್ಲಿ ಮೊದಲ ಫ್ರೆಟ್ ಕೈಯಿಂದ ದೂರ ಇರುತ್ತದೆ, ತಲೆಯ ಭಾರವೂ ದೂರದಲ್ಲಿರುತ್ತದೆ. ಕೈ ಬಿಟ್ಟಾಗ ನೆಕ್ ನೆಲದ ಕಡೆ ಜಾರುತ್ತದಾ ನೋಡಿ. ಜಾರಿದರೆ ನುಡಿಸುವಷ್ಟು ಹೊತ್ತೂ ಎಡಗೈ ಅದನ್ನು ಹೊತ್ತಿರಬೇಕು. ಈಗಿರುವ ಬ್ಯಾಗ್‌ನಲ್ಲಿ ಆ ಉದ್ದ ಹಿಡಿಸುತ್ತದಾ ಅನ್ನುವುದನ್ನೂ ನೋಡಿಬಿಡಿ.

ಯಾವುದನ್ನೇ ತಂದರೂ ಮೊದಲು ಮಾಡುವ ಕೆಲಸ ತಂತಿ ಬದಲಾಯಿಸುವುದೇ ಆಗಿರುತ್ತದೆ. 54 ಗೇಜ್‌ಗೆ ಕೊರೆದ ನಟ್ ಸೀಳಿನಲ್ಲಿ 62 ಗೇಜ್ ಸಿಕ್ಕಿಹಾಕಿಕೊಳ್ಳುತ್ತದೆ. ಟ್ಯೂನ್ ಮಾಡುವಾಗ ಟಿಕ್ ಅಂತ ಸದ್ದಾಗಿ ಸ್ವರ ಹಾರಿದರೆ ಅದೇ ಗುರುತು. ಸೀಳನ್ನು ಸರಿಯಾದ ಅಳತೆಯ ಅರದಿಂದ ತುಸು ಅಗಲ ಮಾಡಿಸಿ, ಆಳ ಮಾಡಿಸಬೇಡಿ. ಆಳವಾದರೆ ತಂತಿ ಮೊದಲ ಫ್ರೆಟ್‌ಗೆ ತಾಗಿ ಗರಗರ ಅನ್ನುತ್ತದೆ. ಆಮೇಲೆ ಹೊಸ ನಟ್ ಹಾಕದೆ ಬೇರೆ ದಾರಿ ಇರುವುದಿಲ್ಲ.